ಕಾರ್ಡ್ ಗೊತ್ತು, ಸ್ಕೇಲ್ ಗೊತ್ತು, ಆದರೂ ಗಿಟಾರ್ ಮುಂದಕ್ಕೆ ಹೋಗುತ್ತಿಲ್ಲ

ಒಂಟಿತಂತಿ:

ಎಲ್ಲರಿಗೂ ನಮಸ್ಕಾರ. ಯಾರ ಹತ್ತಿರವೂ ಪಾಠಕ್ಕೆ ಹೋಗದೆ, ವಿಡಿಯೊ ಮತ್ತು ಟ್ಯಾಬ್ (ಬೆರಳಿಡುವ ಜಾಗ ತೋರಿಸುವ ಬರಹ) ನೋಡಿಕೊಂಡೇ ಗಿಟಾರ್ ಕಲಿಯುತ್ತಿರುವವನು ನಾನು. ಅಕೌಸ್ಟಿಕ್ ಗಿಟಾರ್, ಸ್ಟೀಲ್ ತಂತಿ. ಶುರುವಿನಲ್ಲಿ ಕಲಿಕೆ ಓಡುತ್ತಿತ್ತು. ಈ ವಾರ ಬಾರದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮುಂದಿನ ವಾರ ಬರುತ್ತಿತ್ತು. ಬೆರಳ ತುದಿ ಗಟ್ಟಿಯಾಯಿತು, ನೋವು ಹೋಯಿತು, ಸದ್ದು ಚೊಕ್ಕವಾಯಿತು. ಈಗ ಎಷ್ಟೋ ತಿಂಗಳಿಂದ ಇದ್ದಲ್ಲೇ ಇದ್ದೇನೆ. ದಿನಾ ಗಿಟಾರ್ ಹಿಡಿಯುತ್ತೇನೆ, ದಿನಾ ಅದನ್ನೇ ನುಡಿಸುತ್ತೇನೆ, ದಿನಾ ಅಷ್ಟೇ ಬರುತ್ತೆ.

ನನಗೆ ಏನೇನು ಬರುತ್ತೆ ಅಂತ ಗೊತ್ತಾದರೆ ಉತ್ತರ ಕೊಡುವವರಿಗೆ ಸುಲಭ ಅಲ್ವಾ. ಓಪನ್ ಕಾರ್ಡ್, ಅಂದರೆ ಕೆಲವು ತಂತಿಗಳನ್ನು ಒತ್ತದೆ ಬಿಡುವವು, ಎಲ್ಲಾ ಬರುತ್ತವೆ. ಎಫ್ ಮತ್ತು ಬಿ ಮೈನರ್ ಅಷ್ಟನ್ನೇ ಹಿಡಿದು ನುಡಿಸಿದರೆ ಸರಿ, ಹಾಡಿನ ಮಧ್ಯೆ ಬಂದರೆ ಒಂದೆರಡು ತಂತಿ ಸದ್ದೇ ಮಾಡುವುದಿಲ್ಲ. ನಾಲ್ಕೈದು ಸ್ಟ್ರಮ್ಮಿಂಗ್ ಪ್ಯಾಟರ್ನ್ ಕೈಗೆ ಕೂತಿವೆ. ಎ ಮೈನರ್ ಪೆಂಟಟಾನಿಕ್ ಅನ್ನುವ ಐದು ಸ್ವರದ ಸ್ಕೇಲ್‌ನ ಮೊದಲ ಬಾಕ್ಸ್ (ಬೆರಳಿಡುವ ಜಾಗಗಳ ಒಂದು ಆಕಾರ), ಅಂದರೆ ಐದನೇ ಫ್ರೆಟ್‌ನಿಂದ (ಕತ್ತಿನ ಮೇಲೆ ಲೋಹದ ಪಟ್ಟಿಗಳು ಮಾಡುವ ಮನೆಯಿಂದ) ಶುರುವಾಗುವುದು, ಕಣ್ಣು ಮುಚ್ಚಿಕೊಂಡು ನುಡಿಸುತ್ತೇನೆ. ಆದರೆ ಅದನ್ನು ಮೇಲಕ್ಕೂ ಕೆಳಕ್ಕೂ ಓಡಿಸುವುದು ಬಿಟ್ಟರೆ ಬೇರೇನೂ ಮಾಡಲು ಬರುವುದಿಲ್ಲ. ಕಸರತ್ತು ಅನ್ನಿಸುತ್ತೆ, ಸಂಗೀತ ಅನ್ನಿಸುವುದಿಲ್ಲ.

ಇನ್ನು ಬಾರದ್ದು. ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಅನ್ನುವ ಸಾಧನ) ಇಟ್ಟುಕೊಂಡು ಒಂದು ಬೀಟಿಗೆ ನಾಲ್ಕು ಸ್ವರದಂತೆ ಸ್ಕೇಲ್ ನುಡಿಸಿದರೆ ನಿಮಿಷಕ್ಕೆ 90 ಬೀಟಿನ ತನಕ ಪರವಾಗಿಲ್ಲ. ಅದರ ಮೇಲೆ ಹೋದರೆ ಮುಂಗೈ ಬಿಗಿದುಕೊಳ್ಳುತ್ತೆ, ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು. ಗೆಳೆಯರು ಯಾರಾದರೂ ಹಾಡಲು ಶುರು ಮಾಡಿದರೆ ಜೊತೆಗೆ ನುಡಿಸಲು ಆಗುವುದಿಲ್ಲ. 'ಒಂದು ನಿಮಿಷ ಇರಿ, ಕಾರ್ಡ್ ಹುಡುಕ್ತೀನಿ' ಅಂತ ಫೋನ್ ತೆಗೆಯಬೇಕು. ಅಷ್ಟರಲ್ಲಿ ಹಾಡುವವರ ಮನಸ್ಸು ಬೇರೆ ಕಡೆ ಹೋಗಿರುತ್ತೆ.

ಕೇಳಬೇಕಾದ್ದು ಇಷ್ಟು. ಇದು ಕೈಯ ಸಮಸ್ಯೆಯೋ, ಬೇರೆ ಏನಾದರೂ ಇದೆಯೋ? ಇನ್ನೂ ಜಾಸ್ತಿ ಹೊತ್ತು ಕೂತರೆ ಸರಿಹೋಗುತ್ತಾ? ಸ್ವಂತವಾಗಿ ಕಲಿತವರು ಈ ಜಾಗವನ್ನು ದಾಟಿದ್ದು ಹೇಗೆ?

ಮರಗೆಲಸ:

ಉಳಿದದ್ದನ್ನು ಬೇರೆಯವರು ಹೇಳುತ್ತಾರೆ. ನಾನು ಗಿಟಾರ್ ರಿಪೇರಿ ಮಾಡುವವನು, ಎಫ್ ಕಾರ್ಡ್ ವಿಷಯ ಮಾತ್ರ ಹೇಳುತ್ತೇನೆ. ಕೈಯನ್ನು ದೂರುವ ಮುಂಚೆ ಗಿಟಾರ್ ನೋಡಿ.

ಎಫ್ ಆಕಾರವನ್ನು ಹಾಗೇ ಐದನೇ ಫ್ರೆಟ್‌ಗೆ ಜಾರಿಸಿ. ಅದು ಎ ಮೇಜರ್. ಅಲ್ಲಿ ಆರೂ ತಂತಿ ಸಲೀಸಾಗಿ ನುಡಿದು, ಮೊದಲ ಫ್ರೆಟ್‌ನಲ್ಲಿ ಮಾತ್ರ ಒದ್ದಾಟ ಅಂತಾದರೆ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ತುಂಡು) ಎತ್ತರ ಇರಬಹುದು. ಸ್ವಲ್ಪ ವ್ಯತ್ಯಾಸ ಎಲ್ಲಾ ಗಿಟಾರ್‌ನಲ್ಲೂ ಇರುತ್ತೆ. 650 ಮಿ.ಮೀ. ಸ್ಕೇಲ್ ಉದ್ದದ (ಅಂದರೆ ನುಡಿಯುವ ತಂತಿಯ ಉದ್ದದ) ಗಿಟಾರ್‌ನಲ್ಲಿ ಮೊದಲ ಫ್ರೆಟ್‌ನ ಜಾಗ ಸುಮಾರು 36 ಮಿ.ಮೀ., ಐದನೆಯದರ ಜಾಗ ಸುಮಾರು 29. ಮೊದಲ ಫ್ರೆಟ್ ಹತ್ತಿರ ಕೈ ಜಾಸ್ತಿ ಚಾಚಬೇಕು. ಆದರೆ ಒಂದು ಕಡೆ ಆಗುವುದು, ಇನ್ನೊಂದು ಕಡೆ ಆಗುವುದೇ ಇಲ್ಲ ಅನ್ನುವಷ್ಟು ವ್ಯತ್ಯಾಸ ಇರಬಾರದು.

ಪರೀಕ್ಷೆ ಸುಲಭ. ಒಂದು ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ ಪಟ್ಟಿಗಳ ನಡುವೆ ಒತ್ತಿ ಹಿಡಿಯಿರಿ. ಈಗ ಮೊದಲನೇ ಪಟ್ಟಿಯ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಕೂದಲೆಳೆಯಷ್ಟು ಸಂದು ಕಂಡರೆ ಸರಿ. ಬೆರಳಿಂದ ತಟ್ಟಿದರೆ ಸಣ್ಣಗೆ ಟಿಕ್ ಅನ್ನಬೇಕು. ಅದಕ್ಕಿಂತ ಜಾಸ್ತಿ ಜಾಗ ಇದ್ದರೆ ನಟ್‌ನ ಕಚ್ಚುಗಳನ್ನು ಸ್ವಲ್ಪ ಇಳಿಸಬೇಕು. ಅದನ್ನು ನೀವೇ ಅರ ಹಿಡಿದು ಉಜ್ಜಲು ಹೋಗಬೇಡಿ. ಒಂದು ಚೂರು ಜಾಸ್ತಿ ಇಳಿದರೂ ಓಪನ್ ತಂತಿ ಝುಂಯ್ ಅನ್ನಲು ಶುರು ಮಾಡುತ್ತೆ, ಆಮೇಲೆ ನಟ್ಟನ್ನೇ ಬದಲಿಸಬೇಕಾಗುತ್ತೆ.

ಹಾಗೇ 12ನೇ ಫ್ರೆಟ್ ಹತ್ತಿರ ಅಳತೆಯ ಸ್ಕೇಲಿಟ್ಟು ನೋಡಿ. ದಪ್ಪ ಇ ತಂತಿಗೂ ಪಟ್ಟಿಗೂ ನಡುವೆ ಸುಮಾರು 2.5 ಮಿ.ಮೀ. ಇದ್ದರೆ ಅಕೌಸ್ಟಿಕ್‌ಗೆ ಮಾಮೂಲಿ. 4 ಇದ್ದರೆ ನೀವು ದಿನಾ ಗಿಟಾರ್ ಜೊತೆ ಕುಸ್ತಿ ಆಡುತ್ತಿದ್ದೀರಿ ಅಂತಲೇ ಅರ್ಥ.

ಇನ್ನೊಂದು ಮಾತು. ಎಫ್‌ನಲ್ಲಿ ತೋರುಬೆರಳು ಆರೂ ತಂತಿಯನ್ನು ಒತ್ತಬೇಕಿಲ್ಲ. (ಅತಿ ದಪ್ಪ ತಂತಿ ಆರನೆಯದು, ಅತಿ ತೆಳು ಒಂದನೆಯದು; ದಪ್ಪದಿಂದ ಹೆಸರು ಇ, ಎ, ಡಿ, ಜಿ, ಬಿ, ಇ.) ಐದು, ನಾಲ್ಕು, ಮೂರನೇ ತಂತಿಗಳನ್ನು ಬೇರೆ ಬೆರಳುಗಳು ನೋಡಿಕೊಳ್ಳುತ್ತವೆ. ತೋರುಬೆರಳಿನ ಕೆಲಸ ಆರನೇ, ಎರಡನೇ ಮತ್ತು ಒಂದನೇ ತಂತಿ ಅಷ್ಟೇ. ಬೆರಳನ್ನು ನಟ್ ಕಡೆಯ ಮಗ್ಗುಲಿಗೆ ಸ್ವಲ್ಪ ಹೊರಳಿಸಿ. ಅಲ್ಲಿ ಮೂಳೆ ಹತ್ತಿರ ಇರುತ್ತೆ, ಮೆತ್ತಗಿನ ಭಾಗ ಕಡಿಮೆ.

ಕಿವಿಮಾತು:

ನಾನೂ ಸ್ವಂತವಾಗಿ ಕಲಿತವನು, ಈಗ ಬಹಳ ವರ್ಷಗಳಿಂದ ಕಲಿಸುತ್ತಿದ್ದೇನೆ. ನಿಮ್ಮ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವೇಗದ ಮಾತಲ್ಲ. ಗೆಳೆಯರು ಹಾಡಿದಾಗ ಫೋನ್ ತೆಗೆಯಬೇಕು ಅಂದಿರಲ್ಲ, ಅದು. ನಿಮ್ಮ ಕೈ ಸಾಕಷ್ಟು ಮುಂದೆ ಬಂದಿದೆ. ಕಿವಿ ಹಿಂದೆ ಉಳಿದಿದೆ. ಇಷ್ಟು ದಿನ ಕಿವಿಯ ಕೆಲಸವನ್ನು ಕಣ್ಣು ಮಾಡಿಕೊಂಡು ಬಂದಿದೆ.

ಟ್ಯಾಬ್ ನಮಗೆ ಏನು ಹೇಳುತ್ತೆ ನೋಡಿ. ಯಾವ ತಂತಿ, ಯಾವ ಫ್ರೆಟ್, ಅಷ್ಟೇ. ಆ ಸ್ವರ ಹಾಡಿನ ಆಧಾರ ಸ್ವರಕ್ಕೆ ಎಷ್ಟು ದೂರದಲ್ಲಿದೆ, ಅಲ್ಲಿಗೆ ಬಂದು ಯಾಕೆ ನಿಂತಿತು, ಇದನ್ನೆಲ್ಲ ಹೇಳುವುದಿಲ್ಲ. ಟ್ಯಾಬ್ ಕೆಟ್ಟದ್ದು ಅಂತ ನಾನು ಹೇಳುವವನಲ್ಲ, ನಾನೂ ನೋಡುತ್ತೇನೆ. ಆದರೆ ಅದೊಂದರಿಂದಲೇ ಕಲಿತವರು ಒಂದು ಹಂತದ ಮೇಲೆ ನಿಂತೇ ನಿಲ್ಲುತ್ತಾರೆ. ನನ್ನ ಹತ್ತಿರ ಬರುವ ಸ್ವಂತ ಕಲಿಕೆಯವರಲ್ಲಿ ಹೆಚ್ಚಿನವರ ಕಥೆ ಇದೇ.

ಕಲಿಕೆ ಹೀಗೆ ನಿಲ್ಲುವುದನ್ನು ಬಹಳ ಹಿಂದೆಯೇ ಅಳೆದು ನೋಡಿದ್ದಾರೆ, ಅದೂ ಟೆಲಿಗ್ರಾಫ್ ಆಪರೇಟರ್‌ಗಳ ಮೇಲೆ. 1897ರಲ್ಲಿ ಬ್ರಯನ್ ಮತ್ತು ಹಾರ್ಟರ್ ಅನ್ನುವ ಇಬ್ಬರು ಅಮೆರಿಕದವರು ಮಾರ್ಸ್ ಸಂಕೇತ ಕಲಿಯುವವರ ವೇಗವನ್ನು ಬರೆದಿಟ್ಟು ಪ್ರಕಟಿಸಿದರು. ಸಂದೇಶ ಕಳಿಸುವ ವೇಗ ಏರುತ್ತಲೇ ಹೋಯಿತು. ಕೇಳಿಸಿಕೊಂಡು ಬರೆಯುವ ವೇಗ ಮಾತ್ರ ಒಂದು ಕಡೆ ಬಂದು ವಾರಗಟ್ಟಲೆ ನಿಂತಿತು, ಆಮೇಲೆ ಮತ್ತೆ ಏರಿತು. 1899ರಲ್ಲಿ ಅವರು ಕೊಟ್ಟ ವಿವರಣೆ ನನಗೆ ತುಂಬಾ ಇಷ್ಟ. ಹೊಸಬರು ಒಂದೊಂದೇ ಅಕ್ಷರವನ್ನು ಕೇಳುತ್ತಾರೆ. ನುರಿತವರ ಕಿವಿಗೆ ಇಡೀ ಪದ, ಪದಗಳ ಗುಂಪು ಒಟ್ಟಿಗೇ ಬೀಳುತ್ತೆ. ಅಕ್ಷರ ಅಕ್ಷರ ಕೇಳುತ್ತಾ ಎಷ್ಟು ಚುರುಕಾದರೂ ಒಂದು ಮಿತಿ ಇದ್ದೇ ಇದೆ. ಅಲ್ಲಿಂದ ಮುಂದೆ ಹೋಗಬೇಕಾದರೆ ಕೇಳುವ ರೀತಿಯೇ ಬದಲಾಗಬೇಕು.

ನಿಮ್ಮ ಪೆಂಟಟಾನಿಕ್ ಬಾಕ್ಸ್ ಈಗ ಅಕ್ಷರಮಾಲೆ. ಅದನ್ನು ಇನ್ನೂ ಬೇಗ ಬೇಗ ಹೇಳಿದರೆ ಮಾತು ಬರುವುದಿಲ್ಲ.

ಹೀಗೆ ಮಾಡಿ. ಆ ಬಾಕ್ಸ್‌ನಲ್ಲಿ ಮೂರು ಸ್ವರ ಮಾತ್ರ ತಗೊಳ್ಳಿ. ಜಿ ತಂತಿಯ ಐದನೇ ಫ್ರೆಟ್, ಏಳನೇ ಫ್ರೆಟ್, ಆಮೇಲೆ ಬಿ ತಂತಿಯ ಐದನೇ ಫ್ರೆಟ್. ಸಿ, ಡಿ, ಇ ಸ್ವರಗಳು ಇವು. ಮೊದಲು ನುಡಿಸಿ, ಗುನುಗಿ. ಈಗ ಗಿಟಾರ್ ಮುಟ್ಟದೆ ಈ ಮೂರೇ ಸ್ವರದಲ್ಲಿ ನಿಮಗೆ ತೋಚಿದ ಒಂದು ಸಣ್ಣ ಸಾಲನ್ನು ಗುನುಗಿ. ಒಂದು ಸ್ವರವನ್ನು ಎರಡು ಸಲ ಹೇಳಬಹುದು, ಉದ್ದ ಎಳೆಯಬಹುದು, ಮಧ್ಯೆ ಸುಮ್ನೆ ಇರಬಹುದು. ಗುನುಗಿದ್ದನ್ನು ಗಿಟಾರ್‌ನಲ್ಲಿ ಹುಡುಕಿ. ಮೂರೇ ಸ್ವರ ಇರುವುದರಿಂದ ಸಿಕ್ಕೇ ಸಿಗುತ್ತೆ. ಸಿಕ್ಕ ಮೇಲೆ ಅದೇ ಸಾಲನ್ನು ಜಿ ತಂತಿಯೊಂದರಲ್ಲೇ ನುಡಿಸಿ: 5, 7, 9. ಆಮೇಲೆ ಬಿ ತಂತಿಯೊಂದರಲ್ಲೇ: 1, 3, 5. ಆಮೇಲೆ ಡಿ ತಂತಿಯಲ್ಲಿ: 10, 12, 14. ಬೆರಳಿನ ಆಕಾರ ಪ್ರತಿ ಸಲ ಬದಲಾಯಿತು, ಸ್ವರ ಬದಲಾಗಲಿಲ್ಲ. ಆ ಸಾಲು ಈಗ ಬೆರಳಿನ ಆಕಾರಕ್ಕೆ ಕಟ್ಟುಬಿದ್ದಿಲ್ಲ, ನಿಮ್ಮ ಕಿವಿಯಲ್ಲಿದೆ. ಇದು ಬರುತ್ತಾ ಹೋದ ಹಾಗೆ ನಾಲ್ಕನೇ ಸ್ವರ ಸೇರಿಸಿ, ಐದನೆಯದು ಸೇರಿಸಿ. ಅವಸರ ಬೇಡ.

ಹಾಡಿನ ಜೊತೆ ನುಡಿಸುವುದಕ್ಕೂ ಇದೇ ದಾರಿ. ಹಾಡು ಕೊನೆಗೆ ಎಲ್ಲಿ ಬಂದು ನಿಲ್ಲುತ್ತೆ, ಯಾವ ಸ್ವರದಲ್ಲಿ 'ಮುಗೀತು' ಅನ್ನಿಸುತ್ತೆ, ಅದನ್ನು ಗುನುಗಿ. ದಪ್ಪ ಇ ತಂತಿಯ ಮೇಲೆ ಒಂದೊಂದೇ ಫ್ರೆಟ್ ಏರುತ್ತಾ ಹುಡುಕಿ. ಮೂರನೇ ಫ್ರೆಟ್‌ನಲ್ಲಿ ಸಿಕ್ಕಿತು ಅಂದುಕೊಳ್ಳಿ, ಅದು ಜಿ. ಹಾಡು ಜಿ ಮೇಜರ್‌ನಲ್ಲಿದ್ದರೆ ಜಿ, ಸಿ, ಡಿ, ಇ ಮೈನರ್ ಈ ನಾಲ್ಕು ಕಾರ್ಡ್ ಇಟ್ಟುಕೊಂಡು ಶುರು ಮಾಡಿ. ಎಷ್ಟೋ ಸರಳ ಹಾಡು ಇಷ್ಟರಲ್ಲೇ ಮುಗಿದುಹೋಗುತ್ತವೆ. ಕಾರ್ಡ್ ಬದಲಾದ ಜಾಗದಲ್ಲಿ ಪೂರ್ತಿ ಕಾರ್ಡ್ ಊಹಿಸಲು ಹೋಗಬೇಡಿ, ಕೆಳಗಿನ ದಪ್ಪ ಸ್ವರ ಏರಿತಾ ಇಳಿಯಿತಾ ಅಷ್ಟನ್ನೇ ಕೇಳಿ. ಮೊದಮೊದಲು ಒಂದು ಹಾಡಿಗೆ ಒಂದು ಸಂಜೆ ಹಿಡಿಯುತ್ತೆ, ಹಿಡಿಯಲಿ. ಆ ಸಂಜೆ ನೀವು ಕಲಿತದ್ದು ಒಂದು ಹಾಡಲ್ಲ.

ವೆಸ್ ಮಾಂಟ್‌ಗೊಮರಿ ಹೆಸರು ಕೇಳಿರಬಹುದು, ಜಾಜ್ ಗಿಟಾರ್‌ನ ದೊಡ್ಡ ಹೆಸರು. ಅವರು ಸ್ವಂತವಾಗಿ ಕಲಿತವರು, ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಜಾಜ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ರೆಕಾರ್ಡ್‌ಗಳನ್ನು ಕೇಳಿ ಕೇಳಿ, ಸೋಲೊಗಳನ್ನು ಒಂದು ಸ್ವರವೂ ಬಿಡದೆ ಹಿಡಿದರು. ಅದನ್ನೇ ಕ್ಲಬ್‌ನಲ್ಲಿ ನುಡಿಸಿ ಶುರು ಮಾಡಿದರು. 1948ರ ಹೊತ್ತಿಗೆ ಜಾಜ್ ಕಲಾವಿದ ಲಯನಲ್ ಹ್ಯಾಂಪ್ಟನ್ ತಂಡದಲ್ಲಿದ್ದರು. ಎಲ್ಲರೂ ಅವರಂತೆ ಆಗುತ್ತಾರೆ ಅಂತ ಅಲ್ಲ. ಗುರು ಇಲ್ಲದವರಿಗೆ ಕಿವಿಯೇ ಗುರು ಆಗಬಲ್ಲದು, ಅಷ್ಟು ದೂರ ಕರೆದುಕೊಂಡು ಹೋಗಬಲ್ಲದು ಅನ್ನುವುದಕ್ಕೆ ಹೇಳಿದೆ.

ಮೊದಲು ಒಂದು ಕೆಲಸ ಮಾಡಿ. ನಿಮಗೆ ಚೆನ್ನಾಗಿ ಬರುತ್ತೆ ಅನ್ನಿಸುವ ಒಂದು ಹಾಡನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಆ ದಿನವೇ ಕೇಳಬೇಡಿ, ಮಾರನೇ ದಿನ ಕೇಳಿ. ಏನು ಕೇಳಿಸಿತು ಅಂತ ಇಲ್ಲಿ ಬರೆಯಿರಿ.

ಒಂಟಿತಂತಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮರಗೆಲಸ ಅವರೇ, ನೀವು ಹೇಳಿದಂತೆ ನೋಡಿದೆ. ತೆಳು ತಂತಿಗಳು ಸರಿ ಇವೆ. ದಪ್ಪ ಇ ಮತ್ತು ಎ ತಂತಿಗಳಲ್ಲಿ ಸಂದು ಚೆನ್ನಾಗಿಯೇ ಕಾಣುತ್ತೆ. ಐದನೇ ಫ್ರೆಟ್‌ನಲ್ಲಿ ಅದೇ ಆಕಾರ ಎಷ್ಟು ಹಗುರ ಅಂದರೆ ನನಗೇ ಆಶ್ಚರ್ಯವಾಯಿತು. ತೋರಿಸಿಕೊಂಡು ಬರುತ್ತೇನೆ.

ಕಿವಿಮಾತು ಅವರೇ, ರೆಕಾರ್ಡ್ ಕೇಳಿದೆ. ಕಾರ್ಡ್‌ಗಳು ಚೊಕ್ಕವಾಗಿವೆ. ಆದರೆ ಪ್ರತಿ ಕಾರ್ಡ್ ಬದಲಾಗುವ ಮುಂಚೆ ಒಂದು ಸಣ್ಣ ತಡವರಿಕೆ ಇದೆ. ಬಲಗೈ ನಿಂತುಬಿಡುತ್ತೆ, ಎಡಗೈ ಹೋಗಿ ಕೂತ ಮೇಲೆ ಮತ್ತೆ ಹೊಡೆಯುತ್ತೆ. ನುಡಿಸುವಾಗ ಇದು ಗೊತ್ತೇ ಆಗುತ್ತಿರಲಿಲ್ಲ. ಜಿಯಿಂದ ಸಿಗೆ ಹೋಗುವಾಗಲೂ ಇದೆ, ಅದು ನನಗೆ ತೀರಾ ಸುಲಭದ ಬದಲಾವಣೆ ಅಂತ ಇದ್ದೆ.

ಮೂರು ಸ್ವರದ ಅಭ್ಯಾಸ ಶುರು ಮಾಡಿದ್ದೇನೆ. ಗುನುಗಿದ್ದು ಬಿ ತಂತಿಯಲ್ಲಿ ಮೊದಲ ಸಲಕ್ಕೇ ಬಂದಾಗ ಖುಷಿಯಾಯಿತು. ಡಿ ತಂತಿಯಲ್ಲಿ ಹತ್ತನೇ ಫ್ರೆಟ್‌ನ ಆಚೆ ನಾನು ಯಾವತ್ತೂ ಹೋಗಿರಲಿಲ್ಲ.

ಲಯ ಸರಿ ಮಾಡಿಕೊಳ್ಳುವುದು ಹೇಗೆ? ಆ 90ರ ಗೋಡೆಗೂ ಏನಾದರೂ ಇದೆಯಾ?

ಬಲಗೈ ಭಂಟ:

ಇದು ನನ್ನ ಇಷ್ಟದ ವಿಷಯ. ಸ್ವಂತವಾಗಿ ಕಲಿಯುವವರು ಎಡಗೈ ಮೇಲೆ ಇಡುವ ಗಮನದ ಕಾಲು ಭಾಗವನ್ನೂ ಬಲಗೈ ಮೇಲೆ ಇಡುವುದಿಲ್ಲ. ಕೇಳುವವರಿಗೆ ಮಾತ್ರ ಮೊದಲು ಕೇಳಿಸುವುದು ಬಲಗೈ.

ನಿಯಮ ಒಂದೇ. ಎಡಗೈ ತಡವಾದರೂ ಬಲಗೈ ಕಾಯಬಾರದು. ಬಾರ್‌ನ (ನಾಲ್ಕು ಎಣಿಕೆಯ ಒಂದು ಸುತ್ತಿನ) ಕೊನೆಯ ಮೇಲ್ಮುಖ ಹೊಡೆತ ಇದೆಯಲ್ಲ, ನಾಲ್ಕನೇ ಎಣಿಕೆಯ ಆಮೇಲಿನದು, ಅಲ್ಲಿ ಎಡಗೈಯನ್ನು ಎತ್ತಿಬಿಡಿ. ಆ ಒಂದು ಹೊಡೆತಕ್ಕೆ ಓಪನ್ ತಂತಿಗಳು ನುಡಿಯುತ್ತವೆ. ನುಡಿಯಲಿ ಬಿಡಿ. ಎಷ್ಟೋ ನುರಿತವರು ಹಾಗೇ ಮಾಡುತ್ತಾರೆ, ಹಾಡಿನ ಓಟದಲ್ಲಿ ಅದು ಕಿವಿಗೆ ತಗಲುವುದಿಲ್ಲ. ಹೊಡೆತ ತಪ್ಪಿದರೆ ಮಾತ್ರ ತಕ್ಷಣ ತಗಲುತ್ತೆ. ಆ ಅರ್ಧ ಎಣಿಕೆ ನಿಮ್ಮ ಎಡಗೈಗೆ ಸಿಕ್ಕ ಸಮಯ.

ಜಿಯಿಂದ ಸಿಗೆ ಹೋಗುವಾಗ ಯಾವ ಬೆರಳು ಮೊದಲು ಕೂರುತ್ತೆ ಅಂತ ನಿಧಾನವಾಗಿ ಮಾಡಿ ನೋಡಿ. ತುಂಬಾ ಜನರಿಗೆ ತೋರುಬೆರಳು ಎರಡನೇ ತಂತಿಗೆ ಮೊದಲು ಹೋಗುತ್ತೆ, ಉಂಗುರಬೆರಳು ಐದನೇ ತಂತಿಗೆ ಕೊನೆಗೆ ಬರುತ್ತೆ. ಆದರೆ ಕೆಳಮುಖದ ಹೊಡೆತ ದಪ್ಪ ತಂತಿಯಿಂದ ಶುರುವಾಗುತ್ತಲ್ವಾ. ಮೊದಲು ಬೇಕಾದ ಬೆರಳು ಕೊನೆಗೆ ಬಂದರೆ ಬಲಗೈ ಕಾಯದೆ ಇನ್ನೇನು ಮಾಡೀತು? ಉಂಗುರಬೆರಳನ್ನು ಮೊದಲು ಇಡುವುದನ್ನು ಅಭ್ಯಾಸ ಮಾಡಿ. ತೋರುಬೆರಳು ಒಂದು ಚೂರು ತಡವಾಗಿ ಬಂದರೂ ನಡೆಯುತ್ತೆ.

ಮೆಟ್ರೊನೋಮ್ 40ಕ್ಕೆ ಇಡಿ. ಆ ಕ್ಲಿಕ್‌ಗಳನ್ನು ಎರಡನೇ ಮತ್ತು ನಾಲ್ಕನೇ ಎಣಿಕೆ ಅಂದುಕೊಂಡು ನುಡಿಸಿ. ಹಾಡಿನ ವೇಗ 80 ಆಯಿತು. ಒಂದು ಮತ್ತು ಮೂರನ್ನು ನೀವೇ ಹೊರಬೇಕು. ಶುರುವಿನಲ್ಲಿ ಕ್ಲಿಕ್ ಜಾರಿ ಒಂದು, ಮೂರರ ಮೇಲೆ ಬಂದು ಕೂರುತ್ತೆ. ನಿಲ್ಲಿಸಿ ಮತ್ತೆ ಶುರು ಮಾಡಿ.

ಇನ್ನು 90ರ ಗೋಡೆ. ಬೀಟಿಗೆ ನಾಲ್ಕರಂತೆ 90 ಅಂದರೆ ಸೆಕೆಂಡಿಗೆ ಆರು ಸ್ವರ, ಕಡಿಮೆ ಏನಲ್ಲ. ಎಲ್ಲಿ ಒಡೆಯುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಒಂದೇ ಓಪನ್ ತಂತಿಯಲ್ಲಿ, ಎಡಗೈ ಇಲ್ಲದೆ, ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಮೇಲೆ ಕೆಳಗೆ ಆಡಿಸಿ ನೋಡಿ. ಅಲ್ಲಿ 110, 120 ಸಲೀಸಾಗಿ ಬಂದರೆ ನಿಮ್ಮ ಕೈಗೆ ವೇಗ ಇದೆ. ತೊಂದರೆ ಇರುವುದು ತಂತಿ ದಾಟುವ ಜಾಗದಲ್ಲಿ. ಪೆಂಟಟಾನಿಕ್ ಬಾಕ್ಸ್‌ನಲ್ಲಿ ತಂತಿಗೆ ಎರಡೇ ಸ್ವರ. ಅಂದರೆ ಸೆಕೆಂಡಿಗೆ ಮೂರು ಸಲ ತಂತಿ ದಾಟುತ್ತಿದ್ದೀರಿ. ಕೆಳಗೆ, ಮೇಲೆ ಅಂತ ಆರನೇ ತಂತಿಯಲ್ಲಿ ಹೊಡೆದ ಮೇಲೆ ಪಿಕ್ ಆ ತಂತಿಯ ಮೇಲ್ಗಡೆ ಇರುತ್ತೆ. ಐದನೆಯದಕ್ಕೆ ಹೋಗಲು ಈಗಷ್ಟೇ ನುಡಿಸಿದ ತಂತಿಯನ್ನೇ ಹಾರಿ ಬರಬೇಕು. ಕೈ ಬಿಗಿಯುವುದು ಸಾಮಾನ್ಯವಾಗಿ ಇಲ್ಲೇ.

ಹಾಗಾಗಿ ಪೂರ್ತಿ ಸ್ಕೇಲ್ ಬಿಡಿ. ಆರನೇ ತಂತಿಯ ಮೇಲ್ಮುಖದ ಹೊಡೆತ, ಐದನೆಯದರ ಕೆಳಮುಖದ ಹೊಡೆತ, ಈ ಎರಡೇ ಸ್ವರವನ್ನು ಮತ್ತೆ ಮತ್ತೆ ಮಾಡಿ. ಪಿಕ್‌ನ ತುದಿ ಮಾತ್ರ ತಂತಿಗೆ ತಾಗಲಿ. ಆಮೇಲೆ ನಾಲ್ಕೇ ಸ್ವರವನ್ನು ನಿಮಗೆ ಬೇಕಾದ ವೇಗದಲ್ಲಿ, ಅಂದರೆ 110ರಲ್ಲಿ, ಒಂದೇ ಉಸಿರಿಗೆ ನುಡಿಸಿ ಮುಂದಿನ ಬೀಟ್ ಮೇಲೆ ನಿಲ್ಲಿ. ಭುಜ ಇಳಿಬಿಡಿ. ಮತ್ತೆ ನಾಲ್ಕು. ವೇಗ ಅಂದರೆ ಕೈಗೆ ಹೇಗನ್ನಿಸುತ್ತೆ ಅಂತ ಹೀಗೆ ತಿಳಿಯುತ್ತೆ. ಒಂದೊಂದೇ ಅಂಕಿ ಏರಿಸುತ್ತಾ ಹೋದರೆ ಎಷ್ಟೋ ಸಲ ಆ ಬಿಗಿತವೂ ಜೊತೆಗೇ ಏರುತ್ತಾ ಬರುತ್ತೆ. ನೋವು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ನೋವಿನ ಮೇಲೆ ಅಭ್ಯಾಸ ಬೇಡ.

ಫ್ರೆಟ್‌ಬೋರ್ಡ್ ನಕ್ಷೆ:

ಕಿವಿಮಾತು ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಬ್ರಯನ್ ಮತ್ತು ಹಾರ್ಟರ್ ಹೇಳಿದ ಆ ನಿಲುಗಡೆ ಎಲ್ಲರಿಗೂ ಬಂದೇ ಬರುತ್ತೆ ಅಂತ ಏನಿಲ್ಲ. 1958ರಲ್ಲಿ ಕೆಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು ಅದನ್ನು ಭ್ರಮೆ ಅಂತಲೇ ವಾದ ಮಾಡಿದ್ದಾರೆ. ಆದ್ದರಿಂದ 'ಇದೊಂದು ಹಂತ, ತಾನಾಗೇ ಹೋಗುತ್ತೆ' ಅಂತ ಕಾಯುತ್ತಾ ಕೂರಬೇಡಿ.

ನನಗೆ ದಾರಿ ತೆರೆದದ್ದು ಫ್ರೆಟ್‌ಬೋರ್ಡ್ ಮೇಲೆ ಯಾವ ಸ್ವರ ಎಲ್ಲಿದೆ ಅಂತ ಗೊತ್ತಾದಾಗ. ತೆಳು ಇ ತಂತಿಯನ್ನು ಓಪನ್ ಆಗಿ ನುಡಿಸಿ. ಅದೇ ಸ್ವರ, ಅದೇ ಸ್ಥಾಯಿಯಲ್ಲಿ, ಬಿ ತಂತಿಯ 5ರಲ್ಲಿದೆ, ಜಿ ತಂತಿಯ 9ರಲ್ಲಿದೆ, ಡಿ ತಂತಿಯ 14ರಲ್ಲಿದೆ, ಕೈ ಹೋದರೆ ಎ ತಂತಿಯ 19ರಲ್ಲೂ ಇದೆ. ಐದೂ ಕಡೆ ಒಂದೊಂದು ಬಣ್ಣ. ಪಿಯಾನೊದಲ್ಲಿ ಈ ಗೊಂದಲ ಇಲ್ಲ, ಒಂದು ಸ್ವರಕ್ಕೆ ಒಂದೇ ಮನೆ. ಗಿಟಾರ್‌ನಲ್ಲಿ ಕಿವಿ ಸರಿಯಾಗಿ ಹೇಳಿದರೂ ಕೈಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರಬೇಕು. ತಂತಿಯಿಂದ ತಂತಿಗೆ ಐದು ಫ್ರೆಟ್ ದೂರ, ಜಿಯಿಂದ ಬಿಗೆ ಮಾತ್ರ ನಾಲ್ಕು. ಬಿ ತಂತಿ ದಾಟಿದಾಗ ಆಕಾರ ಒಂದು ಫ್ರೆಟ್ ಸರಿಯುವುದು ಅದಕ್ಕೇ.

ಸಿ, ಎ, ಜಿ, ಇ, ಡಿ ಓಪನ್ ಕಾರ್ಡ್ ಬರುತ್ತವೆ ಅಂದಿರಿ. ಆ ಐದು ಆಕಾರಗಳನ್ನು ಅದೇ ಕ್ರಮದಲ್ಲಿ ಮೇಲಕ್ಕೆ ಜೋಡಿಸಿದರೆ ಒಂದೇ ಕಾರ್ಡ್ ಇಡೀ ಫ್ರೆಟ್‌ಬೋರ್ಡ್ ತುಂಬ ಸಿಗುತ್ತೆ. ಅಂದರೆ ಅರ್ಧ ಕೆಲಸ ಆಗಲೇ ಆಗಿದೆ. ಸಿ ಕಾರ್ಡ್ ಒಂದನ್ನೇ ತಗೊಂಡು ಐದೂ ಆಕಾರದಲ್ಲಿ ಹುಡುಕಿ, ಬೇರೆ ಕಾರ್ಡ್‌ಗೆ ಆಮೇಲೆ ಹೋಗಿ.

ಕಿವಿಮಾತು:

ನಕ್ಷೆಯವರು ಹೇಳಿದ್ದು ಸರಿ, ಕಾಯುತ್ತಾ ಕೂತರೆ ಏನೂ ಆಗುವುದಿಲ್ಲ. ಫ್ರೆಟ್‌ಬೋರ್ಡ್ ಗೊತ್ತಿರಬೇಕು ಅನ್ನುವುದರಲ್ಲೂ ಎರಡು ಮಾತಿಲ್ಲ. ನನ್ನ ತಕರಾರು ಕ್ರಮದ ಬಗ್ಗೆ ಮಾತ್ರ. ಐದು ಆಕಾರಗಳನ್ನು ಚಿತ್ರ ನೋಡಿ ಬಾಯಿಪಾಠ ಮಾಡಿದರೆ ಮತ್ತೆ ಕಣ್ಣಿಗೇ ಕೆಲಸ ಕೊಟ್ಟ ಹಾಗಾಗುತ್ತೆ. ಹೊಸ ಜಾಗಕ್ಕೆ ಹೋಗುವ ಮುಂಚೆ ಅಲ್ಲಿ ಕೇಳಿಸಬೇಕಾದ ಸ್ವರವನ್ನು ಒಂದು ಸಲ ಗುನುಗಿ, ಆಮೇಲೆ ಬೆರಳಿಡಿ. ಆಗ ಎರಡೂ ಒಟ್ಟಿಗೆ ಬೆಳೆಯುತ್ತವೆ.

ಒಂಟಿತಂತಿ ಅವರೇ, ಈಗ ನಿಮ್ಮ ಮುಂದೆ ನಾಲ್ಕು ಜನರ ಸಲಹೆ ರಾಶಿ ಬಿದ್ದಿದೆ. ಎಲ್ಲವನ್ನೂ ಹೇಗೆ ಮಾಡುವುದು ಅನ್ನುವುದೇ ಮುಂದಿನ ಪ್ರಶ್ನೆ ಅಲ್ವಾ. ಒಂದು ವಿಷಯ ಹೇಳುತ್ತೇನೆ. 1979ರಲ್ಲಿ ಶೀ ಮತ್ತು ಮಾರ್ಗನ್ ಅನ್ನುವವರು ಒಂದು ಪ್ರಯೋಗ ಮಾಡಿದರು. ಸಣ್ಣ ಮರದ ತಡೆಗಳನ್ನು ಹೇಳಿದ ಕ್ರಮದಲ್ಲಿ ಕೈಯಿಂದ ಬೇಗ ಬೇಗ ಬೀಳಿಸಬೇಕು, ಅಂಥ ಮೂರು ಕ್ರಮ ಕಲಿಯಬೇಕು. ಒಂದು ಗುಂಪು ಒಂದನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಕಲಸಿಕೊಂಡು ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದೆ. ಆಮೇಲೆ ಪರೀಕ್ಷೆ ಮಾಡಿದಾಗ ಕಲಸಿ ಮಾಡಿದವರ ಕೈಯಲ್ಲಿ ಚೆನ್ನಾಗಿ ಉಳಿದಿತ್ತು.

ನಿಮ್ಮ 'ದಿನಾ ಅಷ್ಟೇ ಬರುತ್ತೆ' ಅನ್ನುವ ಮಾತಿಗೆ ಇದು ತುಂಬಾ ಹತ್ತಿರ. ಬರುವುದನ್ನೇ ಸಾಲಾಗಿ ನುಡಿಸಿದರೆ ಚೆನ್ನಾಗಿ ಕೇಳಿಸುತ್ತೆ, ಕಲಿಕೆ ಕಡಿಮೆ. ಅರ್ಧ ಗಂಟೆ ಇದ್ದರೆ ಮೂರು ಕೆಲಸ ಮಾತ್ರ ಇಟ್ಟುಕೊಳ್ಳಿ. ಮೂರು ಸ್ವರದ ಸಾಲು, ಜಿಯಿಂದ ಸಿಗೆ ಬಲಗೈ ನಿಲ್ಲದ ಬದಲಾವಣೆ, ಕಿವಿಯಿಂದ ಹಿಡಿಯುತ್ತಿರುವ ಒಂದು ಹಾಡು. ಒಂದರಲ್ಲಿ ಮೂರ್ನಾಲ್ಕು ನಿಮಿಷ ಇದ್ದು ಇನ್ನೊಂದಕ್ಕೆ ಹಾರಿ, ಮತ್ತೆ ವಾಪಸ್ ಬನ್ನಿ. ವಾಪಸ್ ಬಂದಾಗ ಮೊದಲ ಪ್ರಯತ್ನ ಕೆಟ್ಟದಾಗಿ ಬರುತ್ತೆ. ಆ ಮೊದಲ ಪ್ರಯತ್ನವನ್ನೇ ಗಮನ ಇಟ್ಟು ಮಾಡಿ, ಗೆಳೆಯರ ಮುಂದೆ ನಿಮಗೆ ಸಿಗುವುದು ಅದೊಂದೇ ಪ್ರಯತ್ನ. ವೇಗದ ಕೆಲಸವನ್ನು ನಟ್ ಸರಿ ಮಾಡಿಸಿದ ಮೇಲೆ ನೋಡೋಣ. ಮತ್ತು ಈ ತಿಂಗಳು ಹೊಸ ವಿಡಿಯೊ ಬೇಡ.

ಸಾಧ್ಯವಾದರೆ ಅನುಭವ ಇರುವ ಯಾರಿಗಾದರೂ ಒಂದು ಸಲ ನುಡಿಸಿ ತೋರಿಸಿ. ಪೂರ್ತಿ ಪಾಠಕ್ಕೆ ಸೇರಬೇಕು ಅಂತಿಲ್ಲ. ಹೆಬ್ಬೆರಳು ಕತ್ತಿನ ಹಿಂದೆ ಎಲ್ಲಿದೆ, ಮಣಿಕಟ್ಟು ಎಷ್ಟು ಬಾಗಿದೆ, ಪಿಕ್ ಎಷ್ಟು ಬಿಗಿ ಹಿಡಿದಿದ್ದೀರಿ, ಇವು ಬರಹದಲ್ಲಿ ನಮಗೆ ಕಾಣುವುದಿಲ್ಲ.

ಒಂಟಿತಂತಿ:

ಹಾಗೇ ಮಾಡುತ್ತೇನೆ ಸರ್. ಒಂದೇ ಒಂದು ಕೇಳಬೇಕು. ಗುನುಗಿ ಅಂತ ಎಲ್ಲಾ ಕಡೆ ಹೇಳಿದ್ದೀರಿ. ನನ್ನ ದನಿ ಶ್ರುತಿಗೆ ನಿಲ್ಲುವುದಿಲ್ಲ, ಅಷ್ಟು ಮೇಲಿನ ಸ್ವರ ಹಾಡಲೂ ಆಗುವುದಿಲ್ಲ. ಹಾಡದೆ ಇದು ಬರುತ್ತಾ?

ಕಿವಿಮಾತು:

ದನಿ ಚೆನ್ನಾಗಿರಬೇಕಿಲ್ಲ. ಸ್ವರ ತಾಗಿದರೆ ಸಾಕು. ಜಿ ತಂತಿಯ ಐದನೇ ಫ್ರೆಟ್ ಮೇಲಾಯಿತು ಅನ್ನಿಸಿದರೆ ಒಂದು ಸ್ಥಾಯಿ ಕೆಳಗೆ ಗುನುಗಿ. ಅದೇ ಸಿ ಸ್ವರ ಎ ತಂತಿಯ ಮೂರನೇ ಫ್ರೆಟ್‌ನಲ್ಲಿದೆ. ಅದನ್ನು ನುಡಿಸಿ, ಸದ್ದು ಇಳಿಯುವ ತನಕ ಬಾಯಿ ಮುಚ್ಚಿ 'ಮ್' ಅನ್ನಿ. ದನಿ ಗಿಟಾರ್ ಜೊತೆ ಸರಿಯಾಗಿ ಕೂಡದಿದ್ದಾಗ ಒಂದು ಸಣ್ಣ ನಡುಕ ಕೇಳಿಸುತ್ತೆ. ದನಿಯನ್ನು ಒಂದು ಚೂರು ಏರಿಸಿ, ಇಳಿಸಿ. ಸರಿ ಕೂಡಿದಾಗ ಆ ನಡುಕ ನಿಧಾನವಾಗುತ್ತಾ ನಿಂತುಹೋಗುತ್ತೆ. ಅದನ್ನು ಕೇಳಲು ಬಂದರೆ ಸಾಕು, ನಿಮ್ಮ ಕಿವಿ ಸರಿಯಾಗಿಯೇ ಇದೆ. ಮೊದಲು ಆ ಒಂದು ಸ್ವರ ಮಾಡಿ, ಆಮೇಲೆ ಡಿ, ಆಮೇಲೆ ಇ. ಮೂರೂ ಸರಿಯಾಗಿ ಕೂಡಿದ ದಿನ ಮತ್ತೆ ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ನಾನು ಕೇಳುತ್ತೇನೆ.